ಸೌದೆ ಬಾಯ್ಲರ್ ಬ್ಯಾನ್ ಬೇಡ, ಹೊಗೆ ನಿಲ್ಲಿಸಿದ್ರೆ ಸಾಕು

ಮಾನ್ಯ ಸಂಪಾದಕರೇ,

ಮೊನ್ನೆ ನಿಮ್ಮ ಪೇಪರ್‌ನಲ್ಲಿ ಓದುಗರೊಬ್ರು ಮೈಸೂರಿನ ಪಿಜಿ, ಹಾಸ್ಟೆಲ್‌ಗಳ ಸೌದೆ ಬಾಯ್ಲರ್ ಎಲ್ಲಾ ಕಿತ್ತಾಕ್ಸಿ ಅಂತ ಬರ್ದಿದ್ರು. ಅವರ ಸಿಟ್ಟಲ್ಲಿ ಏನೂ ತಪ್ಪಿಲ್ಲ, ನಮ್ಮ ಸರಸ್ವತಿಪುರಂ ಕಡೇನೂ ಅದೇ ಕಥೆ, ಡಿಸೆಂಬರ್ ಜನವರಿ ಬಂತು ಅಂದ್ರೆ ಬೆಳಗ್ಗೆ ಕಿಟಕಿ ತೆಗೆಯೋ ಹಂಗಿಲ್ಲ, ಒಣಗಾಕಿದ ಬಟ್ಟೆ ಎಲ್ಲಾ ಹೊಗೆ ವಾಸನೆ. ಆದ್ರೂ ಬ್ಯಾನ್ ಮಾಡಿ ಅನ್ನೋದನ್ನ ನಾನು ಒಪ್ಪಲ್ಲ. ತೊಂದ್ರೆ ಇರೋದು ಸೌದೇಲಲ್ಲ, ಉರಿಸೋ ರೀತೀಲಿ.

ಪಿಜಿ ನಡೆಸೋರೇನು ಹಠಕ್ಕೆ ಬಿದ್ದು ಸೌದೆ ಉರಿಸ್ತಿಲ್ಲ. ಒಂದು ಬಕೆಟ್ ಅಂದ್ರೆ 20 ಲೀಟರ್ ನೀರು, ಅದನ್ನ 20 ಡಿಗ್ರಿ ಬಿಸಿ ಏರಿಸೋಕೆ ಹತ್ತಿರತ್ತಿರ ಅರ್ಧ ಯೂನಿಟ್ ಕರೆಂಟ್ ಬೇಕು, 50 ಹುಡುಗ್ರು ಇದ್ರೆ ದಿನಕ್ಕೆ 25 ಯೂನಿಟ್ ಬರೀ ಸ್ನಾನಕ್ಕೇ ಹೋಯ್ತು, ಅದೂ ಎಲ್ರೂ ಒಂದೇ ಟೈಮಲ್ಲಿ ಕಾಲೇಜಿಗೆ ಹೊರಡೋರು. ಸೋಲಾರ್ ಇದ್ರೂ ಮುಂಚೆ ಎದ್ದೋರಿಗೆ ಬಿಸಿನೀರು, ಲೇಟಾಗಿ ಎದ್ದೋರಿಗೆ ತಣ್ಣೀರು, ಇನ್ನು ಜುಲೈಲಿ ಜಡಿಮಳೆ ಹಿಡೀತು ಅಂದ್ರೆ ಅದೂ ಇಲ್ಲ. ಹಂಗಾಗಿ ಕಾಂಪೌಂಡ್ ಪಕ್ಕ ಒಂದು ಕಬ್ಬಿಣದ ಬಾಯ್ಲರ್ ನಿಲ್ಸಿ, ಪೈಪ್ ಎಳೆದು, ಮೂರು ಫ್ಲೋರಿಗೂ ಬಿಸಿನೀರು ಬಿಡ್ತಾರೆ.

ಇದರ ದೊಡ್ಡಣ್ಣ ಅಮೆರಿಕದಲ್ಲಿದೆ. ಅಲ್ಲಿ ಚಳಿ ಜಾಸ್ತಿ ಇರೋ ಹಳ್ಳಿ ಕಡೆ ಮನೆ ಬೆಚ್ಚಗಿಡೋಕೆ ಅಂತಾನೇ ಹಿತ್ತಲಲ್ಲಿ ಸಣ್ಣ ಶೆಡ್ ಥರದ ಸೌದೆ ಬಾಯ್ಲರ್ ಇಟ್ಕೋತಾರೆ, ಬಿಸಿನೀರು ನೆಲದಡಿ ಪೈಪಲ್ಲಿ ಮನೆಯೊಳಗೆ ಸುತ್ತಿ ರೂಮೆಲ್ಲಾ ಬೆಚ್ಚಗೆ ಮಾಡಿ ವಾಪಸ್ ಬರುತ್ತೆ. ಅಲ್ಲೂ ಅಕ್ಕಪಕ್ಕದೋರ ಜಗಳ ಇದೇ ಹೊಗೆಗೆ. ಕಾರಣ ಏನಪ್ಪಾ ಅಂದ್ರೆ ಹಳೇ ಮಾಡೆಲ್‌ಗಳಲ್ಲಿ ಬೆಂಕಿ ಗೂಡಿನ ಸುತ್ತ ನೀರೇ ಇರುತ್ತೆ, ಗೂಡಿನ ಗೋಡೆ ಬಿಸಿ ಏರೋದೇ ಇಲ್ಲ, ಸೌದೆಯಿಂದ ಹೊರಡೋ ಗ್ಯಾಸ್ ಪೂರ್ತಿ ಉರಿಯೋಕೆ 600 ಡಿಗ್ರಿ ಆಸುಪಾಸು ಬಿಸಿ ಬೇಕು, ಅದು ಸಿಗಲ್ಲ. ಜೊತೆಗೆ ನೀರು ಬೇಕಾದಷ್ಟು ಕಾದ ತಕ್ಷಣ ಗಾಳಿ ಬರೋ ಬಾಗಿಲು ತಾನೇ ಮುಚ್ಕೊಳುತ್ತೆ, ಒಳಗೆ ಸೌದೆ ಗಂಟೆಗಟ್ಟಲೆ ಉಸಿರುಕಟ್ಟಿ ಹೊಗೆಯಾಡ್ತಾನೇ ಇರುತ್ತೆ. ಚಿಮಣಿ ಬೇರೆ ಗಿಡ್ಡ. ಕೊನೆಗೆ ಅಲ್ಲಿನ ಕೇಂದ್ರದ ಪರಿಸರ ಸಂಸ್ಥೆ 2015ರಲ್ಲಿ ಹೊಸ ಬಾಯ್ಲರ್‌ಗಳಿಗೆ ಹೊಗೆ ಮಿತಿ ತಂತು, 2020ಕ್ಕೆ ಅದನ್ನ ಇನ್ನೂ ಬಿಗಿ ಮಾಡ್ತು. ಈಗಿನ ಒಳ್ಳೆ ಮಾಡೆಲ್‌ಗಳಲ್ಲಿ ಹೊಗೇನ ಇನ್ನೊಂದು ಗೂಡಲ್ಲಿ ಮತ್ತೆ ಉರಿಸ್ತಾರೆ, ಕೆಲವರು ದೊಡ್ಡ ಟ್ಯಾಂಕ್ ಇಟ್ಟು ಒಂದೇ ಸಲ ಜೋರು ಉರಿ ಹಾಕಿ ಬಿಸಿನೀರು ಕೂಡಿಟ್ಕೋತಾರೆ.

ನಮ್ಮೋರು ಮಾಡೋದು ಇದರ ಉಲ್ಟಾ. ರಾತ್ರಿ ಮಲಗೋ ಮುಂಚೆ ಗೂಡು ತುಂಬಾ ದಪ್ಪ ದಿಮ್ಮಿ ತುರುಕಿ ಬಾಗಿಲು ಬಿಗಿಯಾಗಿ ಮುಚ್ಚೋದು, ಬೆಳಗ್ಗೆ ಐದಕ್ಕೆ ನೀರು ಕಾದಿದ್ರಾಯ್ತು ಅಂತ. ಆ ದಿಮ್ಮೀನೂ ಹಸಿ! ಹಸಿ ಸೌದೇಲಿ ತೂಕದ ಅರ್ಧದಷ್ಟು ನೀರೇ ಇರಬಹುದು, ದುಡ್ಡು ಕೊಟ್ಟು ತಂದ ಬೆಂಕೀಲಿ ಮೊದಲು ಆ ನೀರನ್ನ ಆವಿ ಮಾಡ್ಬೇಕು, ಆಮೇಲೆ ಉಳಿದ ಕಾವು ಹಂಡೆಗೆ. ಮಂಡ್ಯ ಕಡೆ ಆಲೆಮನೆಗೆ ಹೋಗಿ ನೋಡಿ, ಕಬ್ಬಿನ ಸಿಪ್ಪೇನ ಬಿಸಿಲಲ್ಲಿ ಹರವಿ ಗರಿಗರಿ ಒಣಗಿಸಿದ ಮೇಲೇನೇ ಒಲೆಗೆ ಹಾಕೋದು. ನಮ್ಮ ಅಜ್ಜಿಯಂದ್ರೂ ಬಚ್ಚಲ ಹಂಡೆ ಒಲೆಗೆ ಒಣಗಿದ ತೆಂಗಿನ ಮಟ್ಟೆ, ಗರಿ, ಚಿಪ್ಪು ಹಾಕಿ ಅರ್ಧ ಮುಕ್ಕಾಲು ಗಂಟೇಲಿ ಧಗಧಗ ಉರಿಸಿ ಮುಗಿಸ್ತಿದ್ರು. (ಹೊಗೆ ಅವರ ಕಣ್ಣಿಗೆ ಹೋಗ್ತಿತ್ತು ಅನ್ನೋದು ನಿಜ, ಹಳೇದೆಲ್ಲಾ ಚಿನ್ನ ಅಂತ ನಾನೇನೂ ಹೇಳ್ತಿಲ್ಲ.)

ಇನ್ನೊಂದು ಇದಕ್ಕಿಂತ ಕೆಟ್ಟದ್ದು, ಇಂಟೀರಿಯರ್ ಕೆಲಸದಲ್ಲಿ ಉಳಿದ ಪ್ಲೈವುಡ್ ಪೀಸು, ಲ್ಯಾಮಿನೇಟ್, ಬಣ್ಣ ಹೊಡೆದ ಹಳೇ ಬಾಗಿಲು. ಫ್ರೀಯಾಗಿ ಸಿಗುತ್ತೆ ಅಂತ ಆಟೋದಲ್ಲಿ ತುಂಬ್ಕೊಂಡು ಬರ್ತಾರೆ. ಅದರಲ್ಲಿರೋ ಗಮ್ಮು, ಪ್ಲಾಸ್ಟಿಕ್ಕು, ಹಳೇ ಪೇಂಟಿನ ಸೀಸ ಎಲ್ಲಾ ಗಾಳಿಗೆ ಸೇರುತ್ತೆ. ಚಳಿಗಾಲದ ಬೆಳಗಿನ ಜಾವ ನೆಲದ ಹತ್ರದ ಗಾಳಿ ತಣ್ಣಗಿದ್ದು ಮೇಲಿನ ಗಾಳಿ ಬೆಚ್ಚಗಿರೋದ್ರಿಂದ ಹೊಗೆ ಮೇಲಕ್ಕೆ ಹೋಗದೆ ಬೀದಿಯಲ್ಲೇ ಕೂತ್ಕೊಳುತ್ತೆ, ವಾಕಿಂಗ್ ಹೋಗೋ ವಯಸ್ಸಾದೋರು, ಸ್ಕೂಲ್ ವ್ಯಾನ್‌ಗೆ ಕಾಯೋ ಮಕ್ಕಳು ಎಲ್ಲಾ ಕುಡಿಯೋದು ಅದನ್ನೇ. ನಮ್ಮ ದೇಶದಲ್ಲಿ ಸಣ್ಣ ಧೂಳಿನ ಕಣ ಅಂದ್ರೆ ಪಿಎಂ 2.5ಕ್ಕೆ 24 ಗಂಟೆಯ ಸರಾಸರಿ ಮಿತಿ ಒಂದು ಘನ ಮೀಟರ್ ಗಾಳಿಗೆ 60 ಮೈಕ್ರೋಗ್ರಾಂ ಅಂತ 2009ರಿಂದ ಇದೆ, ಆದ್ರೆ ನಮ್ಮ ಕ್ರಾಸಲ್ಲಿ ಬೆಳಗ್ಗೆ ಐದರಿಂದ ಏಳರವರೆಗೆ ಎಷ್ಟಿರುತ್ತೆ ಅಂತ ಮೀಟರ್ ಹಿಡ್ಕೊಂಡು ಯಾರು ಬರ್ತಾರೆ ಹೇಳಿ.

ಪಾಲಿಕೆಯವರಿಗೆ ನನ್ನ ಕೋರಿಕೆ ಇಷ್ಟೇ, ಪಿಜಿಗಳ ಲೈಸೆನ್ಸ್ ರಿನ್ಯೂ ಮಾಡೋವಾಗ ಬಾಯ್ಲರನ್ನೂ ಒಂದ್ಸಲ ನೋಡಿ. ಚಿಮಣಿ ಪಕ್ಕದ ಮನೆ ತಾರಸಿಗಿಂತ ಎತ್ತರ ಇರ್ಲಿ, ಸೌದೆ ಮಳೆಗೆ ನೆನೆಯದ ಹಾಗೆ ಶೀಟ್ ಕೆಳಗೆ ಜೋಡಿಸಿ ಕನಿಷ್ಠ ಒಂದು ಬೇಸಿಗೆ ಒಣಗಿರ್ಲಿ, ಮೊದಲು ಸೋಲಾರ್, ಅದು ಸಾಲದಿದ್ದಾಗ ಮಾತ್ರ ಸೌದೆ. ಬಾಯ್ಲರ್ ಟ್ಯಾಂಕಿನ ಮೇಲೆ ಆವಿ ಹೋಗೋಕೆ ತೆರೆದ ಪೈಪ್ ಇದ್ಯಾ ಅಂತಾನೂ ನೋಡ್ಬೇಕು, ಲೋಕಲ್ ವೆಲ್ಡಿಂಗ್ ಶಾಪಲ್ಲಿ ಮಾಡ್ಸಿದ್ದರಲ್ಲಿ ಆ ಪೈಪ್ ಇಲ್ದಿದ್ರೆ, ಇಲ್ಲಾ ಯಾರೋ ಅದಕ್ಕೆ ಬಿರಡೆ ಹಾಕಿದ್ರೆ, ಅದು ಬಾಂಬ್ ಇದ್ದಂಗೆ, ಹೊಗೆ ವಿಷಯ ಆಮೇಲೆ.

ಪ್ಲೈವುಡ್ ಸುಡ್ತಿದಾರೋ ಇಲ್ವೋ ಅಂತ ಕಂಡುಹಿಡಿಯೋಕೆ ದೊಡ್ಡ ಲ್ಯಾಬ್ ಏನೂ ಬೇಡ. ಇನ್ಸ್‌ಪೆಕ್ಟರ್ ಸಾಹೇಬ್ರು ಮಾಲೀಕರ ಮಾತು ಕೇಳೋ ಮುಂಚೆ ಬೂದಿ ಗುಡ್ಡೆಗೆ ಒಂದು ಕೋಲು ಹಾಕಿ ಕೆದಕಲಿ, ಮೊಳೆ, ಸ್ಕ್ರೂ, ಬಾಗಿಲ ಹಿಂಜು ಸಿಕ್ರೆ ಅಲ್ಲೇ ದಂಡದ ರಸೀದಿ ಹರೀಲಿ.

ಇಂತಿ,
ಒಬ್ಬ ಓದುಗ
ಸರಸ್ವತಿಪುರಂ, ಮೈಸೂರು