ಬಿಸಿ ಎಂಜಿನ್ ನೋಡಿ ಕೊಟ್ಟ ತಪಾಸಣೆ ವರದಿಯ ಬಗ್ಗೆ ದೂರು

ಇಂದ: ನಿಮ್ಮ ಗ್ರಾಹಕ, ಕಲಬುರಗಿ
ಗೆ: ಗ್ರಾಹಕ ಸೇವಾ ವಿಭಾಗ, ಹಳೇ ವಾಹನ ತಪಾಸಣೆ ಕಂಪನಿ
ವಿಷಯ: ಹುಮನಾಬಾದ್‌ನ ಡೀಸೆಲ್ ಕ್ಯಾರವಾನ್‌ಗೆ ಕೊಟ್ಟ ತಪ್ಪು ವರದಿ

ಮಾನ್ಯರೇ,

ನನ್ನ ತಾಯಿಗೆ ಎಪ್ಪತ್ತೆಂಟು ವರ್ಷ. ಗಾಣಗಾಪುರ, ಪಂಢರಪುರ, ಶ್ರೀಶೈಲ ಇನ್ನೊಮ್ಮೆ ನೋಡಬೇಕು ಅನ್ನುವುದು ಅವರ ಆಸೆ. ಮೊಣಕಾಲು ನೋವಿದೆ, ಪದೇ ಪದೇ ಶೌಚಾಲಯಕ್ಕೆ ಹೋಗಬೇಕಾಗುತ್ತದೆ. ಅದಕ್ಕೇ ಹಳೇ ಕ್ಯಾರವಾನ್ ಹುಡುಕುತ್ತಿದ್ದೆ. ಹುಮನಾಬಾದ್‌ನಲ್ಲಿ ಒಂದು ಸಿಕ್ಕಿತು. 2016ರ ಡೀಸೆಲ್ ಟೆಂಪೋ ಟ್ರಾವೆಲರ್, ಒಳಗೆ ಹಾಸಿಗೆ, ಶೌಚಾಲಯ ಎಲ್ಲ ಮಾಡಿಸಿದ್ದರು. ನನಗೆ ಗಾಡಿ ಬಗ್ಗೆ ತಿಳಿಯದು. ಹಾಗಾಗಿ 4,500 ರೂಪಾಯಿ ಕಟ್ಟಿ ನಿಮ್ಮಿಂದ ತಪಾಸಣೆ ಮಾಡಿಸಿದೆ. ಎಂಜಿನ್ ಉತ್ತಮ, ಬಾಡಿ ಉತ್ತಮ, ದಾಖಲೆ ಸರಿ ಅಂತ ವರದಿ ಬಂತು. ಅದನ್ನು ನಂಬಿ 30,000 ರೂಪಾಯಿ ಮುಂಗಡ ಕೊಟ್ಟೆ.

ಬಾಕಿ ಕೊಡುವ ಮುಂಚೆ ನಮ್ಮ ಓಣಿಯ ಮಿಸ್ತ್ರಿಯನ್ನು ಕರೆದುಕೊಂಡು ಹೋದೆ. "ಅವರು ಚಾಲು ಮಾಡೂಕಿಂತ ಮೊದಲ ನಾವು ಮುಟ್ಟಬೇಕ್ರೀ" ಅಂತ ಬೆಳಿಗ್ಗೆ ಆರೂವರೆಗೇ ಅಲ್ಲಿ ಮುಟ್ಟಿಸಿದರು. ರೇಡಿಯೇಟರ್ ಮೇಲೆ ಅಂಗೈ ಇಟ್ಟು ತಣ್ಣಗಿದೆ ಅಂತ ಖಾತ್ರಿ ಮಾಡಿಕೊಂಡರು. ಮೂರು ಸಲ ಸೆಲ್ಫ್ ಹೊಡೆದ ಮೇಲೆ ಗಾಡಿ ಚಾಲು ಆಯಿತು. ನಮ್ಮ ಕಡೆಯ ಏಪ್ರಿಲ್ ಬೇರೆ, ಚಳಿಯ ನೆಪ ಹೇಳುವಂತಿಲ್ಲ. ಸೈಲೆನ್ಸರ್‌ನಿಂದ ನೀಲಿ ಹೊಗೆ ಬಂತು, ಐದು ನಿಮಿಷವಾದರೂ ನಿಲ್ಲಲಿಲ್ಲ. ಆಯಿಲ್ ಹಾಕುವ ಮುಚ್ಚಳ ತಿರುಗಿಸಿ ಬಾಯಿ ಮೇಲೆ ಸುಮ್ನೆ ಇಟ್ಟರು. ಕುದಿಯುವ ಅನ್ನದ ಪಾತ್ರೆಯ ತಟ್ಟೆಯಂತೆ ಅದು ಕುಣಿಯಿತು. "ರಿಂಗ್ ಸವದಾವ್ರೀ, ಆಯಿಲ್ ಸುಡ್ಲಿಕತ್ತದ" ಅಂದರು. ಅಂದರೆ ಎಂಜಿನ್ ಒಳಗಿನ ಪಿಸ್ಟನ್ ರಿಂಗ್ ಸವೆದು, ಒಳಗಿನ ಗಾಳಿಯ ಒತ್ತಡ ಸೋರಿ ಮುಚ್ಚಳ ಕುಣಿಯುತ್ತದೆ.

ಮನೆಗೆ ಬಂದು ನಿಮ್ಮ ವರದಿ ಮತ್ತೆ ತೆರೆದೆ. 'ಮೊದಲ ಸ್ಟಾರ್ಟ್' ಅಂತ ಬರೆದ ಫೋಟೋದಲ್ಲಿ ಟೆಂಪರೇಚರ್ ಮುಳ್ಳು ಆಗಲೇ ನಡುವಿಗೆ ಬಂದಿದೆ. ಅಂದರೆ ಅದು ಮೊದಲೇ ಓಡಿಸಿ ಬಿಸಿ ಮಾಡಿಟ್ಟ ಗಾಡಿ. ಸವೆದ ಡೀಸೆಲ್ ಎಂಜಿನ್ ಕೂಡ ಬಿಸಿ ಇದ್ದಾಗ ಸಲೀಸಾಗಿ ಚಾಲು ಆಗುತ್ತದೆ. ಇದು ನಿಮ್ಮವರಿಗೆ ಗೊತ್ತಿಲ್ಲದ ವಿಷಯವಲ್ಲ, ಅಲ್ವಾ? ತಣ್ಣಗಾಗುವವರೆಗೆ ಕಾಯಲಿಲ್ಲ, ಸರಿ. ಮುಚ್ಚಳದ ಪರೀಕ್ಷೆಗೆ ಒಂದು ನಿಮಿಷ ಸಾಕು. ಅದನ್ನೂ ಮಾಡಿಲ್ಲ. ನನಗೆ ಜಾಸ್ತಿ ಸಿಟ್ಟು ಬಂದಿರುವುದು ಇದಕ್ಕೇ.

ಟೈರ್ 'ಹೊಸದರಂತಿದೆ' ಅಂದಿದ್ದೀರಿ. ನಿಮ್ಮದೇ ಫೋಟೋ ದೊಡ್ಡದು ಮಾಡಿದರೆ 1116 ಅಂತಿದೆ, ಅಂದರೆ 2016ರ 11ನೇ ವಾರದ್ದು. ಮೇಲ್ಛಾವಣಿಯ ಗಾಳಿಕಿಂಡಿ ಪಕ್ಕದ ಪ್ಲೈವುಡ್ ನೀರು ಕುಡಿದು ಮೆತ್ತಗಾಗಿದೆ, ಹೆಬ್ಬೆರಳು ಒತ್ತಿದರೆ ಒಳಗೆ ಹೋಗುತ್ತದೆ. ಆರ್‌ಸಿಯಲ್ಲಿ ಅದು ಈಗಲೂ ಹದಿಮೂರು ಸೀಟಿನ ಗಾಡಿ. ಆರ್‌ಟಿಒ ಒಪ್ಪಿಗೆ ಇಲ್ಲದೆ ಹೀಗೆ ಬದಲಾಯಿಸುವಂತಿಲ್ಲ, ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇದನ್ನೇ ಹೇಳುತ್ತದೆ. ಶ್ರೀಶೈಲದ ದಾರಿಯಲ್ಲಿ ತಡೆದು ನಿಲ್ಲಿಸಿದ್ದರೆ ತಾಯಿಯನ್ನು ಕರೆದುಕೊಂಡು ನಾನು ಎಲ್ಲಿಗೆ ಹೋಗಬೇಕಿತ್ತು?

ಮುಂಗಡ ವಾಪಸ್ ಕೇಳಿದರೆ ಮಾಲೀಕರು ನಿಮ್ಮ ವರದಿಯನ್ನೇ ನನ್ನ ಮುಂದೆ ಹಿಡಿಯುತ್ತಿದ್ದಾರೆ. ಆದ್ದರಿಂದ ತಪಾಸಣೆಯ 4,500 ರೂಪಾಯಿ ಹಿಂದಿರುಗಿಸಿ. ವರದಿ ತಪ್ಪು ಅಂತ ಲಿಖಿತವಾಗಿ ಕೊಡಿ, ಅದನ್ನು ತೋರಿಸಿ ನಾನು ಮುಂಗಡ ಕೇಳುತ್ತೇನೆ. ಆಗಲೂ ಅವರು ಕೊಡದಿದ್ದರೆ ಆ 30,000 ನೀವೇ ಭರಿಸಬೇಕು. 15 ದಿನದೊಳಗೆ ಉತ್ತರ ಬರದಿದ್ದರೆ ಕಲಬುರಗಿಯ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಡುತ್ತೇನೆ.

ವರದಿ, ರಸೀದಿ, ಆ ಬೆಳಗಿನ ಹೊಗೆಯ ವಿಡಿಯೋ ಜೊತೆಗಿಟ್ಟಿದ್ದೇನೆ.

ಇಂತಿ,
ನಿಮ್ಮ ಗ್ರಾಹಕ