ಊಹೆ ಯಾವುದು ಅಂತ ತೋರಿಸಲಿ

ಮಾನ್ಯರೇ,

ಕಟ್ಟದೇ ಉಳಿದ ಹಳೆಯ ಗಗನಚುಂಬಿಗಳನ್ನು ಕಂಪ್ಯೂಟರಿನಲ್ಲಿ ಎಬ್ಬಿಸಿ ನಿಲ್ಲಿಸುವವರು ಈಗ ಜಾಸ್ತಿಯಾಗಿದ್ದಾರೆ. ಕಟ್ಟಡಗಳ ತ್ರೀಡಿ ಮಾಡೆಲ್ ಮಾಡುವುದೇ ನನ್ನ ಕೆಲಸ. ಹಾಗಾಗಿ ಇಂಥ ಚಿತ್ರ ಕಂಡರೆ ನನಗೆ ತುಂಬ ಖುಷಿ. ಆದರೂ ಒಂದು ಮಾತು ಹೇಳಲೇಬೇಕು: ಯಾವುದು ಮೂಲದ್ದು, ಯಾವುದು ತಮ್ಮ ಊಹೆ ಅಂತ ಅವರು ತೋರಿಸಬೇಕು.

ಬರ್ಲಿನ್ನಿನ ಫ್ರೀಡ್ರಿಕ್‌ಸ್ಟ್ರಾಸೆ ರೈಲು ನಿಲ್ದಾಣದ ಪಕ್ಕದ ತ್ರಿಕೋನಾಕಾರದ ಜಾಗಕ್ಕೆ ವಾಸ್ತುಶಿಲ್ಪಿ ಮೀಸ್ ಫಾನ್ ಡೆರ್ ರೋ 1921ರಲ್ಲಿ 20 ಮಹಡಿಯ ಕಟ್ಟಡವೊಂದರ ವಿನ್ಯಾಸ ಮಾಡಿದರು. ಅದು ಸ್ಪರ್ಧೆಗೆ ಕಳಿಸಿದ್ದು. ಹೊರಮೈ ಪೂರ್ತಿ ಗಾಜು. ಬಹುಮಾನ ಬರಲಿಲ್ಲ, ಕಟ್ಟಡವೂ ಏಳಲಿಲ್ಲ. ಅದರ ದೊಡ್ಡ ಇದ್ದಿಲ ಚಿತ್ರ, ಸುಮಾರು 173 ಸೆಂ.ಮೀ. ಎತ್ತರದ್ದು, ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್‌ನಲ್ಲಿದೆ.

ಇದನ್ನು ಮಾಡೆಲ್ ಮಾಡಲು ಕೂತರೆ ಮೊದಲು ಕಾಡುವುದು ಕಂಬಗಳು. ನಾನು ನೋಡಿದ ನೆಲನಕ್ಷೆಯಲ್ಲಿ ನಡುವೆ ಲಿಫ್ಟ್, ಮೆಟ್ಟಿಲು ಇವೆ. ಕಂಬದ ಗುರುತೇ ಇಲ್ಲ! 20 ಮಹಡಿ ಸುಮ್ನೆ ನಿಲ್ಲುತ್ತದೆಯೇ? ಮಾಡೆಲ್ ಮಾಡುವವನೇ ಎಲ್ಲೋ ಒಂದು ಕಡೆ ಕಂಬ ಹಾಕಬೇಕು. ಗಾಜಿನ ಕಟ್ಟಡ ಅಲ್ವಾ, ಒಳಗಿನ ಕಂಬ ಹೊರಗೂ ಕಾಣುತ್ತದೆ, ಕಟ್ಟಡದ ಮುಖವೇ ಬದಲಾಗುತ್ತದೆ.

ಗಾಜಿನದ್ದು ಇನ್ನೂ ಸೂಕ್ಷ್ಮ. ಸಾಫ್ಟ್‌ವೇರಿನಲ್ಲಿ ಸಿದ್ಧವಾಗಿ ಸಿಗುವುದು ಇವತ್ತಿನ ಫ್ಲೋಟ್ ಗಾಜು, ಅಂದರೆ ಕರಗಿದ ತವರದ ಮೇಲೆ ತೇಲಿಸಿ ತಯಾರಿಸಿದ್ದು, ಕನ್ನಡಿಯಷ್ಟು ಸಪಾಟು. ಆ ತಯಾರಿಕೆಯ ವಿಧಾನ ಬಂದಿದ್ದೇ 1950ರ ದಶಕದಲ್ಲಿ. ಅದಕ್ಕೂ ಮುಂಚಿನ ಕಿಟಕಿ ಗಾಜಿನಲ್ಲಿ ಸಣ್ಣ ಅಲೆ ಇರುತ್ತಿತ್ತು. ಎದುರಿನ ಕಟ್ಟಡದ ಅಂಚು ಅದರಲ್ಲಿ ಸ್ವಲ್ಪ ಅಂಕುಡೊಂಕಾಗಿ ಕಾಣುತ್ತದೆ. ಗಾಜಿನಲ್ಲಿ ಮುಖ್ಯವಾದದ್ದು ನೆರಳು ಬೆಳಕಿನ ಆಟವಲ್ಲ, ಪ್ರತಿಫಲನದ ಆಟ ಅಂತ ಮೀಸ್ ಅವರೇ 1922ರಲ್ಲಿ ಬರೆದಿದ್ದಾರೆ. ಪ್ರತಿಫಲನವೇ ಬೇರೆ ಕಾಲದ್ದಾದರೆ ಅದು ಅವರ ಕಟ್ಟಡ ಹೇಗಾದೀತು?

ಊಹೆ ಮಾಡಬಾರದು ಅಂತ ನಾನು ಹೇಳುತ್ತಿಲ್ಲ. ಊಹೆ ಇಲ್ಲದೆ ಈ ಕೆಲಸ ಒಂದು ಹೆಜ್ಜೆಯೂ ಮುಂದೆ ಹೋಗದು. ಆದರೆ ಚಂದದ ಚಿತ್ರದ ಜೊತೆಗೆ ಇನ್ನೊಂದು ಚಿತ್ರವನ್ನೂ ಕೊಡಲಿ: ಅದರಲ್ಲಿ ಮೂಲ ಚಿತ್ರದಲ್ಲಿ ಇದ್ದದ್ದು ಬಿಳಿ ಬಣ್ಣ, ನಾವು ಸೇರಿಸಿದ್ದು ಕಿತ್ತಳೆ ಬಣ್ಣ. ಮಾಡೆಲ್‌ನಲ್ಲಿ ಭಾಗಗಳನ್ನು ಬೇರೆ ಬೇರೆ ಲೇಯರಿನಲ್ಲಿ (ಪದರದಲ್ಲಿ) ಇಟ್ಟುಕೊಂಡಿದ್ದರೆ ಇದು ದೊಡ್ಡ ಕೆಲಸವೇನಲ್ಲ. ಮುಂದೆ ಹೊಸ ನಕ್ಷೆಯೊಂದು ಸಿಕ್ಕರೆ ಎಲ್ಲಿ ತಿದ್ದಬೇಕು ಅಂತ ಬೇರೆಯವರಿಗೂ ಗೊತ್ತಾಗುತ್ತದೆ.

ಪತ್ರಿಕೆಗಳೂ ಇಂಥ ಚಿತ್ರ ಅಚ್ಚು ಹಾಕುವಾಗ ಆ ಎರಡನೆಯ ಚಿತ್ರವನ್ನು ಕೇಳಿ ಪಡೆದು, ಚಿಕ್ಕದಾಗಿಯಾದರೂ ಪಕ್ಕದಲ್ಲೇ ಹಾಕಬೇಕು ಎಂದು ವಿನಂತಿ.

– ಕಟ್ಟಡ ಮಾಡೆಲ್ ತಯಾರಿಸುವ ಒಬ್ಬ ಓದುಗ