ಎಮಿಷನ್ ಟೆಸ್ಟ್ ಫೇಲಾದ ಕಾರುಗಳ ತಪಾಸಣೆಗೆ ಇನ್ನು ಮುಂದೆ ಬೇರೆ ಚಾರ್ಜ್: ನಮ್ಮ ಗ್ರಾಹಕರಿಗೆ ಒಂದು ಪತ್ರ

ಆತ್ಮೀಯ ಗ್ರಾಹಕರೇ,

ನಮಸ್ಕಾರ. ಮುಂದಿನ ತಿಂಗಳ 1ನೇ ತಾರೀಖಿನಿಂದ, ಎಮಿಷನ್ ಟೆಸ್ಟ್‌ನಲ್ಲಿ ಫೇಲಾಗಿ ಬರುವ ಪೆಟ್ರೋಲ್ ಕಾರುಗಳಲ್ಲಿ ದೋಷ ಹುಡುಕುವ ಕೆಲಸಕ್ಕೆ 900 ರೂಪಾಯಿ ಬೇರೆಯಾಗಿ ತೆಗೆದುಕೊಳ್ಳುತ್ತೇವೆ. ರಿಪೇರಿ ನಮ್ಮಲ್ಲೇ ಮಾಡಿಸಿದರೂ ಅಷ್ಟೇ, ಬೇರೆ ಕಡೆ ಮಾಡಿಸಿದರೂ ಅಷ್ಟೇ. ಡೀಸೆಲ್ ಕಾರುಗಳಿಗೆ ಸದ್ಯಕ್ಕೆ ಬದಲಾವಣೆ ಇಲ್ಲ.

ನಿಮಗೆ ಖರ್ಚು ಜಾಸ್ತಿಯಾಗುತ್ತದೆ, ಅದಕ್ಕೆ ಕ್ಷಮೆ ಇರಲಿ. ಆದರೆ ‘ದುಡ್ಡು ಕೀಳೋಕೆ ಹೊಸ ದಾರಿ ಹುಡುಕಿದ್ದಾರೆ’ ಅನ್ನುವ ಮಾತೂ ನಮ್ಮ ಕಿವಿಗೆ ಬಿದ್ದಿದೆ. ಅದಕ್ಕೆ ಉತ್ತರ ಹೇಳಲೇಬೇಕು.

ಹೆಚ್ಚಿನವರು ಕೇಳುವುದು ಒಂದೇ. “ಸ್ಕ್ಯಾನರ್ ಚುಚ್ಚಿದರೆ ಐದು ನಿಮಿಷದಲ್ಲಿ ಗೊತ್ತಾಗುತ್ತೆ ಅಲ್ವಾ? ನಾನು ಮೊಬೈಲ್‌ನಲ್ಲೇ ನೋಡಿದೆ, ಪಿ0420 ಅಂತ ಬಂತು. ಕ್ಯಾಟಲಿಟಿಕ್ ಕನ್ವರ್ಟರ್ ಬದಲಾಯಿಸಿ ಕೊಡಿ, ಮುಗೀತು.”

ಕನ್ವರ್ಟರ್ ಅಂದರೆ ಸೈಲೆನ್ಸರ್ ಪೈಪಿನ ದಾರಿಯಲ್ಲಿದ್ದು ಹೊಗೆಯ ವಿಷ ಕಡಿಮೆ ಮಾಡುವ ಭಾಗ. ಆ ಕೋಡ್ ಹೇಳುವುದು ಅದು ಸರಿಯಾಗಿ ಕೆಲಸ ಮಾಡುತ್ತಿರುವಂತೆ ಕಾಣುತ್ತಿಲ್ಲ ಎಂದಷ್ಟೇ. ಯಾಕೆ ಅಂತ ಹೇಳುವುದಿಲ್ಲ. ಮಳೆ ಬಂದಾಗ ಕೋಣೆಯ ಮೂಲೆಯಲ್ಲಿ ನೀರು ತೊಟ್ಟಿಕ್ಕಿದರೆ, ತಾರಸಿಯ ಬಿರುಕು ಅದರ ನೆತ್ತಿಯ ಮೇಲೇ ಇರಬೇಕು ಅಂತಿಲ್ಲವಲ್ಲ. ಹೊಗೆಯ ಆಮ್ಲಜನಕ ಅಳೆಯುವ ಆಕ್ಸಿಜನ್ ಸೆನ್ಸರ್ ಹತ್ತಿರ ಸೈಲೆನ್ಸರ್ ಪೈಪ್ ಜಾಯಿಂಟ್ ಲೀಕ್ ಆಗಿ ಹೊರಗಿನ ಗಾಳಿ ಒಳಗೆ ಹೋದರೂ ಅದೇ ಕೋಡ್ ಬರಬಹುದು. ಒಂದು ಇಗ್ನಿಷನ್ ಕಾಯಿಲ್ ಸರಿಯಾಗಿ ಕಿಡಿ ಕೊಡದಿದ್ದರೆ, ಸುಡದ ಪೆಟ್ರೋಲ್ ಕನ್ವರ್ಟರ್‌ಗೆ ಹೋಗಿ ಅಲ್ಲಿ ಉರಿಯುತ್ತದೆ. ಒಳಗಿನ ಜೇನುಗೂಡಿನಂಥ ಭಾಗ ಕರಗಿಹೋಗುತ್ತದೆ. ಕಾಯಿಲ್ ಹಾಗೇ ಬಿಟ್ಟು ಹೊಸ ಕನ್ವರ್ಟರ್ ಹಾಕಿದರೆ ಅದೂ ಹಾಳಾಗುತ್ತದೆ. ಅದರಲ್ಲಿ ಪ್ಲಾಟಿನಮ್, ಪಲ್ಲಾಡಿಯಮ್, ರೋಡಿಯಮ್ ಇರುತ್ತವೆ, ಬೆಲೆ ನಿಮಗೇ ಗೊತ್ತು. ನಿಮ್ಮ ದುಡ್ಡನ್ನು ಹಾಗೆ ಸುಡಲು ನಮಗೆ ಮನಸ್ಸಿಲ್ಲ.

ಹಾಗಾದರೆ ನಾವು ಮಾಡುವುದೇನು? ಮೊದಲು ನಿಮ್ಮ ಟೆಸ್ಟ್ ಸ್ಲಿಪ್ ಓದುತ್ತೇವೆ. ಬಿಎಸ್-4 ಮತ್ತು ಬಿಎಸ್-6 (ಸರ್ಕಾರದ ಮಾಲಿನ್ಯ ಮಟ್ಟಗಳು) ಪೆಟ್ರೋಲ್ ಕಾರಿಗೆ, ಆಕ್ಸಿಲರೇಟರ್ ಒತ್ತದ ಐಡ್ಲಿಂಗ್‌ನಲ್ಲಿ ಕಾರ್ಬನ್ ಮೊನಾಕ್ಸೈಡ್ ಶೇ. 0.3, ಹೈಡ್ರೋಕಾರ್ಬನ್ (ಸುಡದ ಪೆಟ್ರೋಲ್) 200 ಪಿಪಿಎಂ ಮೀರಬಾರದು. ಕಾರ್ಬನ್ ಮೊನಾಕ್ಸೈಡ್ ಜಾಸ್ತಿ ಇದ್ದರೆ ಎಂಜಿನ್ ಪೆಟ್ರೋಲ್ ಜಾಸ್ತಿ ಕುಡಿಯುತ್ತಿದೆ. ಇಂಜೆಕ್ಟರ್ ಸೋರುತ್ತಿರಬಹುದು. ಅಥವಾ ಕೂಲಂಟ್ ಸೆನ್ಸರ್ ಕೆಟ್ಟು, ಎಂಜಿನ್ ಇನ್ನೂ ತಣ್ಣಗಿದೆ ಅಂತ ಕಂಪ್ಯೂಟರ್‌ಗೆ ಸುಳ್ಳು ಹೇಳುತ್ತಿರಬಹುದು. ಹೈಡ್ರೋಕಾರ್ಬನ್ ಮಾತ್ರ ಏರಿದ್ದರೆ, ಪೆಟ್ರೋಲ್ ಸರಿಯಾಗಿ ಉರಿಯದ ಮಿಸ್‌ಫೈರ್ ಕಡೆ ನೋಡುತ್ತೇವೆ: ಪ್ಲಗ್, ಕಾಯಿಲ್, ಬಿರುಕು ಬಿಟ್ಟ ವ್ಯಾಕ್ಯೂಮ್ ಪೈಪ್, ವಾಲ್ವ್.

ಆಮೇಲೆ ಎಂಜಿನ್ ಪೂರ್ತಿ ಬಿಸಿಮಾಡಿ, ಐಡ್ಲಿಂಗ್‌ನಲ್ಲೂ 2500 ಆರ್‌ಪಿಎಂನಲ್ಲೂ ಫ್ಯುಯೆಲ್ ಟ್ರಿಮ್ (ಕಂಪ್ಯೂಟರ್ ಪೆಟ್ರೋಲನ್ನು ಎಷ್ಟು ಹೆಚ್ಚು-ಕಡಿಮೆ ಮಾಡುತ್ತಿದೆ ಅನ್ನುವ ಲೆಕ್ಕ) ನೋಡುತ್ತೇವೆ. ಐಡ್ಲಿಂಗ್‌ನಲ್ಲಿ ತುಂಬಾ ಏರಿ, 2500ರಲ್ಲಿ ಸರಿಹೋದರೆ ಎಲ್ಲೋ ಗಾಳಿ ಒಳಗೆ ಎಳೆಯುತ್ತಿದೆ ಅಂತ. ಎಲ್ಲಿ ಅಂತ ತಿಳಿಯಲು ಹೊಗೆ ಬಿಟ್ಟು ನೋಡಬೇಕು. ಇದರಲ್ಲಿ ನಮ್ಮ ಹುಡುಗರ ಅರ್ಧ ದಿನ ಹೋಗುವುದುಂಟು. ಕೊನೆಗೆ ಸಿಗುವುದು ನೂರಿನ್ನೂರು ರೂಪಾಯಿಯ ರಬ್ಬರ್ ಪೈಪ್! ಬಿಲ್ಲಿನಲ್ಲಿ ಕಾಣುವುದೂ ಆ ಪೈಪ್ ಮಾತ್ರ. ಸ್ಕ್ಯಾನರ್ ಸಾಫ್ಟ್‌ವೇರ್‌ಗೆ ಪ್ರತಿ ವರ್ಷ ಕಟ್ಟುವ ದುಡ್ಡು, ಗ್ಯಾಸ್ ಅನಲೈಸರ್‌ನ ಕ್ಯಾಲಿಬ್ರೇಷನ್, ಅದರೊಳಗೆ ಸವೆಯುವ ಸೆನ್ಸರ್, ಇವು ಯಾವ ಬಿಲ್ಲಿನಲ್ಲೂ ಕಾಣುವುದಿಲ್ಲ. ಒಂದು ಕಾರು ಬಂದರೂ ಹತ್ತು ಬಂದರೂ ಆ ಖರ್ಚು ತಪ್ಪಿದ್ದಲ್ಲ. ಇಂಥ ಕೆಲಸ ತಿಳಿದ ಹುಡುಗರನ್ನು ಉಳಿಸಿಕೊಳ್ಳಲು ಒಳ್ಳೆಯ ಸಂಬಳವನ್ನೂ ಕೊಡಬೇಕು.

“ರಿಪೇರಿ ನಿಮ್ಮಲ್ಲೇ ಮಾಡಿಸಿದರೆ ಆ 900 ಬಿಡಬಹುದಲ್ವಾ?” ಅಂತಲೂ ಕೇಳಿದ್ದೀರಿ. ಬಿಡುವುದಿಲ್ಲ. ಬಿಟ್ಟರೆ, ಏನಾದರೊಂದು ರಿಪೇರಿ ತೋರಿಸಿ ಆ ದುಡ್ಡು ಎತ್ತಬೇಕು ಅನ್ನುವ ಆಸೆ ಯಾವ ಗ್ಯಾರೇಜಿಗಾದರೂ ಬರುತ್ತದೆ. ನಮಗೆ ಅದು ಬೇಡ. ಕಾರಿನಲ್ಲಿ ಏನೂ ಕೆಟ್ಟಿಲ್ಲದಿದ್ದರೆ ಏನೂ ಕೆಟ್ಟಿಲ್ಲ ಅಂತಲೇ ಹೇಳುತ್ತೇವೆ.

‘ಹೇಗಾದರೂ ಮಾಡಿ ಪಾಸ್ ಮಾಡಿಸಿ’ ಅನ್ನುವ ಕೆಲಸ ನಾವು ಮಾಡಿದ್ದಿಲ್ಲ, ಮಾಡುವುದೂ ಇಲ್ಲ. ಈ ಊರಿನ ಹೊಗೆಯಲ್ಲೇ ನಮ್ಮ ಮಕ್ಕಳೂ ಸ್ಕೂಲಿಗೆ ಹೋಗುತ್ತಾರೆ.

ಗ್ಯಾರೇಜಿಗೆ ಬರುವ ಮುಂಚೆ ಒಂದು ಮಾತು. ಕನ್ವರ್ಟರ್ ಕೆಲಸ ಮಾಡಲು ಸುಮಾರು 300 ಡಿಗ್ರಿ ಬಿಸಿ ಬೇಕು. ಬೆಳಿಗ್ಗೆ ಗಾಡಿ ತೆಗೆದು ಪಕ್ಕದ ರಸ್ತೆಯ ಬಂಕ್‌ನಲ್ಲೇ ಟೆಸ್ಟ್ ಮಾಡಿಸಿದ್ದರೆ ಅದಕ್ಕೇ ಫೇಲಾಗಿರಬಹುದು. ಇಪ್ಪತ್ತು ನಿಮಿಷ ಚೆನ್ನಾಗಿ ಓಡಿಸಿ, ಎಂಜಿನ್ ಆಫ್ ಮಾಡದೆ ಇನ್ನೊಮ್ಮೆ ಮಾಡಿಸಿ ನೋಡಿ. ಪಾಸಾದರೆ ನಮ್ಮ ಹತ್ತಿರ ಬರುವ ಅಗತ್ಯವೇ ಇಲ್ಲ.

ತಪಾಸಣೆಯ ರೀಡಿಂಗ್‌ಗಳನ್ನೆಲ್ಲ ಬರೆದ ಹಾಳೆ ನಿಮ್ಮ ಕೈಗೆ ಕೊಡುತ್ತೇವೆ. ಅದನ್ನು ಯಾವ ಮೆಕ್ಯಾನಿಕ್‌ಗೆ ಬೇಕಾದರೂ ತೋರಿಸಿ. ಪಾರ್ಟ್ಸ್ ಜೆ.ಸಿ. ರಸ್ತೆಯಿಂದ ನೀವೇ ತಂದರೂ ಹಾಕಿಕೊಡುತ್ತೇವೆ. ನಾವು ರಿಪೇರಿ ಮಾಡಿದ ಮೇಲೆ ಮೂರು ತಿಂಗಳೊಳಗೆ ಅದೇ ದೋಷಕ್ಕೆ ಮತ್ತೆ ಫೇಲಾದರೆ ಎರಡನೇ ತಪಾಸಣೆಗೆ ದುಡ್ಡಿಲ್ಲ. ಈ ತಿಂಗಳು ನೀವು ನಮ್ಮಲ್ಲಿ ಬಿಟ್ಟುಹೋದ ಕಾರುಗಳಿಗೂ ಹೊಸ ದರ ಇಲ್ಲ.

ಏನಾದರೂ ಅನುಮಾನ ಇದ್ದರೆ ಗ್ಯಾರೇಜಿಗೆ ಬಂದು ನೇರವಾಗಿ ಕೇಳಿ. ಬಾನೆಟ್ ತೆಗೆದು, ನಿಮ್ಮನ್ನು ಪಕ್ಕದಲ್ಲೇ ನಿಲ್ಲಿಸಿಕೊಂಡು ತೋರಿಸುತ್ತೇವೆ.

ಇಂತಿ,
ನಿಮ್ಮ ಗ್ಯಾರೇಜಿನ ಎಲ್ಲರ ಪರವಾಗಿ